ಪೀಪಾಯಿ ಮಾಮನ ತೀರ್ಪು

ಪೀಪಾಯಿ ಮಾಮನ ಮೂಗು ನೋಡುವುದಕ್ಕೆ ಅಂಥ ವಿಶೇಷದ್ದೇನೂ ಅಲ್ಲ. ಸ್ವಲ್ಪ ಮೊಂಡು, ತುದಿಯಲ್ಲಿ ಒಂದು ಗಾಯದ ಗುರುತು; ಯಾವಾಗಲೋ ಕಬ್ಬಿಣದ ಪಟ್ಟಿ ಸಿಡಿದು ತಾಗಿದ್ದು. ಆದರೆ ಗುಡ್ಡದ ಇಳಿಜಾರಿನ ಆ ವೈನ್ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಆ ಮೂಗು ಹೇಳಿದ್ದೇ ಕೊನೆಯ ಮಾತು. ಎಪ್ಪತ್ತು ದಾಟಿದ ಯಜಮಾನಿಯೂ ಅವನನ್ನು ಮಾಮ ಎಂದೇ ಕರೆಯುತ್ತಿದ್ದರು. ವಯಸ್ಸಿನ ಪ್ರಕಾರ ಅವನು ಅವರಿಗೆ ತಮ್ಮನಾಗಬೇಕಿತ್ತು. ಆದರೆ ಕೆಲವರು ಹುಟ್ಟುವಾಗಲೇ ಮಾಮಂದಿರಾಗಿ ಹುಟ್ಟುತ್ತಾರೆ, ಅದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ.

ಅವನ ಕೆಲಸ ಪೀಪಾಯಿಗಳದ್ದು. ಉಗ್ರಾಣದಲ್ಲಿ ಮರದ ಪೀಪಾಯಿಗಳು ಮೂರು ಸಾಲಾಗಿ ಮಲಗಿರುತ್ತಿದ್ದವು. ಸಡಿಲವಾದ ಪಟ್ಟಿಯನ್ನು ಸುತ್ತಿಗೆಯಿಂದ ಬಡಿದು ಬಿಗಿ ಮಾಡಬೇಕು, ಸೋರುವ ಸಂದಿಗೆ ಬೆಣೆ ಹೊಡೆಯಬೇಕು, ಖಾಲಿಯಾದದ್ದನ್ನು ಬಿಸಿ ಹಬೆಯಲ್ಲಿ ತೊಳೆಯಬೇಕು. ಇಷ್ಟನ್ನು ಕೈಕಾಲು ಗಟ್ಟಿಯಿರುವ ಯಾರಾದರೂ ಕಲಿತಾರು. ಆದರೆ ವೈನ್ ತುಂಬುವ ಮುಂಚೆ ಪೀಪಾಯಿಯ ಹೊಟ್ಟೆಯ ಮೇಲಿನ ತೂತಿಗೆ ಮೂಗು ಇಟ್ಟು, ಕಣ್ಣು ಮುಚ್ಚಿ, ಒಂದು ದೀರ್ಘ ಉಸಿರೆಳೆದು, ‘ಆಯ್ತು’ ಅಥವಾ ‘ಬೇಡ’ ಅನ್ನಬೇಕಿತ್ತಲ್ಲ, ಅದಕ್ಕೆ ಮಾಮನೇ ಆಗಬೇಕು. ಒಳಗೆ ಒಂದು ಎಳೆ ಮುಗ್ಗಲು ವಾಸನೆ ಉಳಿದಿದ್ದರೂ ಇಡೀ ಪೀಪಾಯಿ ವೈನು ಚರಂಡಿಗೆ.

ಈ ವಿದ್ಯೆಯನ್ನು ಅವನಿಗೆ ಕಲಿಸಿದ್ದು ಮಾವ, ಅಂದರೆ ಹೆಂಡತಿಯ ಅಪ್ಪ, ಇದೇ ಉಗ್ರಾಣದ ಹಿಂದಿನ ಪೀಪಾಯಿಯವನು. ಸುತ್ತಿಗೆ ಹಿಡಿಯುವುದನ್ನು ಕಲಿಯಲು ಬಂದ ಹುಡುಗನಿಗೆ ಮುದುಕ ಮೊದಲು ಸುತ್ತಿಗೆ ಕೊಟ್ಟ, ಆಮೇಲೆ ಮಗಳನ್ನು ಕೊಟ್ಟ. ಆ ಮಗಳಾದರೋ ಖಾಲಿ ಪೀಪಾಯಿಗಳೊಳಗೆ ಕಣ್ಣಾಮುಚ್ಚಾಲೆ ಆಡಿಕೊಂಡೇ ಬೆಳೆದವಳು. ಎಂಟು ವರ್ಷದವಳಿದ್ದಾಗಲೇ ಯಾವ ಪೀಪಾಯಿಯಲ್ಲಿ ಯಾವ ವರ್ಷದ ವೈನ್ ಇತ್ತು ಎಂದು ಮೂಸಿ ಹೇಳುತ್ತಿದ್ದಳಂತೆ. ಮುದುಕ ಅದನ್ನು ಕೇಳಿ, “ಭೇಷ್, ಹೋಗಿ ಅಮ್ಮನಿಗೆ ಪಾತ್ರೆ ತೊಳೆದುಕೊಡು” ಅನ್ನುತ್ತಿದ್ದನಂತೆ. ಬುದ್ಧಿವಂತನೇ, ಆದರೆ ತನ್ನ ಮೂಗಿನ ಕೆಳಗೇ ಇದ್ದದ್ದು ಅವನಿಗೆ ಕಾಣಲಿಲ್ಲ.

ಆ ಮುದುಕನ ಒಂದು ಮಾತು ಮಾತ್ರ ಮಾಮನ ಎದೆಯಲ್ಲಿ ಮೊಳೆಯ ಹಾಗೆ ಕೂತಿತ್ತು: “ದಾರಿ ಮರೆತ ಟಪಾಲಿನವನು, ಮೂಗು ಹೋದ ಪೀಪಾಯಿಯವನು, ಇಬ್ಬರನ್ನೂ ಅವತ್ತೇ ಮನೆಗೆ ಕಳಿಸಬೇಕು.”

ಎರಡೂವರೆ ವರ್ಷದ ಹಿಂದೆ ಮಾಮನಿಗೆ ಒಂದು ನೆಗಡಿ ಬಂತು. ಹದಿನೈದು ದಿನ ಕಾಡಿ ಹೋಯಿತು. ಹೋಗುವಾಗ ಮೂಗಿನ ಅರ್ಧ ಭಾಗವನ್ನೂ ಕಟ್ಟಿಕೊಂಡು ಹೋಯಿತು.

ಅರ್ಧ ಅಂದರೆ ಹೀಗೆ: ಚುಚ್ಚುವ ವಾಸನೆಗಳೆಲ್ಲ ಬರುತ್ತಿದ್ದವು. ನಿಂಬೆ, ವಿನೆಗರ್, ಪೆಟ್ರೋಲು, ಭಾವಮೈದನ ಸಾಕ್ಸು. ಆದರೆ ಮೆದು ವಾಸನೆ ಒಂದೂ ಬರುತ್ತಿರಲಿಲ್ಲ. ಒಗೆದ ಬಟ್ಟೆ ಇಲ್ಲ, ಮಳೆ ಬಿದ್ದ ಮಣ್ಣು ಇಲ್ಲ, ಮೊಮ್ಮಗಳ ನೆತ್ತಿ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಮರ ಇಲ್ಲ, ಮುಗ್ಗಲೂ ಇಲ್ಲ. ಪೀಪಾಯಿಗೆ ಮೂಗು ಇಟ್ಟರೆ ಒಂದು ದುಂಡನೆಯ ಕತ್ತಲೆ, ಅಷ್ಟೇ.

ಮೊದಲ ವಾರ ಅವನು ‘ಆಯ್ತು’ ಎಂದು ಅಂದಾಜಿನ ಮೇಲೆ ಹೇಳಿದ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಎರಡನೆಯ ವಾರ ಹೆಂಡತಿಯ ಮುಂದೆ ಬಾಯಿಬಿಟ್ಟ. ಅವಳು ಅಳಲಿಲ್ಲ, ಬೈಯಲಿಲ್ಲ. “ನಾಳೆಯಿಂದ ಊಟದ ಡಬ್ಬಿ ನಾನೇ ತರ್ತೀನಿ” ಅಂದಳು.

ಅಂದಿನಿಂದ ಮಧ್ಯಾಹ್ನ ಒಂದು ಗಂಟೆಗೆ ಎಲ್ಲರೂ ಊಟಕ್ಕೆ ಹೋದಾಗ ಉಗ್ರಾಣದಲ್ಲಿ ಒಂದು ಗುಟ್ಟಿನ ವ್ಯವಹಾರ ನಡೆಯತೊಡಗಿತು. ಹೆಂಡತಿ ಡಬ್ಬಿ ಕೆಳಗಿಟ್ಟು, ಸೆರಗು ಸಿಕ್ಕಿಸಿ, ಸಾಲಿನ ಉದ್ದಕ್ಕೂ ಬಗ್ಗಿ ಬಗ್ಗಿ ಮೂಸುತ್ತ ಹೋಗುವಳು. ‘ಹೂಂ’ ಅಂದರೆ ಮಾಮ ಸೀಮೆಸುಣ್ಣದಲ್ಲಿ ಒಂದು ಗೀಟು ಹಾಕುವನು, ‘ಥೂ’ ಅಂದರೆ ಕತ್ತರಿ ಗುರುತು. ಎರಡು ಗಂಟೆಗೆ ಎಲ್ಲರೂ ಬಂದ ಮೇಲೆ ಮಾಮ ಅದೇ ಪೀಪಾಯಿಗಳ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ದೀರ್ಘ ಉಸಿರೆಳೆದು, ಹೆಂಡತಿಯ ಅಭಿಪ್ರಾಯವನ್ನು ಗಂಭೀರವಾಗಿ ಪ್ರಕಟಿಸುವನು. ನಮ್ಮಲ್ಲಿ ಬಹಳಷ್ಟು ಗಂಡಸರು ಸಂಸಾರ ನಡೆಸುವುದೂ ಇದೇ ಕ್ರಮದಲ್ಲಿ ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

“ಊರೆಲ್ಲ ನಿಮ್ಮ ಮೂಗನ್ನ ಹೊಗಳುತ್ತೆ” ಎಂದು ಅವಳು ಮನೆಯಲ್ಲಿ ಅನ್ನುವಳು. “ಬಗ್ಗಿ ಬಗ್ಗಿ ಸೊಂಟ ಹಿಡ್ಕೊಳ್ಳೋದು ನಂಗೆ.”

ಹೀಗೆಯೇ ನಿವೃತ್ತಿಯವರೆಗೂ ನೂಕಬಹುದಿತ್ತೇನೋ. ಆದರೆ ವೈನ್ ಮಾಡುವ ಸೊಸೆಗೆ ಒಂದು ಯೋಚನೆ ಬಂತು.

ಸೊಸೆ ಅಂದರೆ ಯಜಮಾನಿಯ ಸೊಸೆ. ದ್ರಾಕ್ಷಿಯನ್ನು ವೈನ್ ಮಾಡುವ ವಿದ್ಯೆಯನ್ನು ಕಾಲೇಜಿನಲ್ಲಿ ಓದಿ ಬಂದವಳು. ಮಾತು ಕಡಿಮೆ, ಜೇಬಿನಲ್ಲಿ ಸದಾ ಒಂದು ಥರ್ಮಾಮೀಟರು. ಮೇಲಿನ ತೋಟದ ಬಿಳಿ ದ್ರಾಕ್ಷಿಯಿಂದ ಅವರು ಸಿಹಿಯ ಸುಳಿವೇ ಇಲ್ಲದ ಬಿಳಿ ವೈನ್ ಮಾಡುತ್ತಿದ್ದರು. ಅಂಗಡಿಯವರು ‘ಡ್ರೈ’ ಅನ್ನುವಂಥದ್ದು. ಕಳೆದ ವರ್ಷ ಸೊಸೆ ಅದೇ ತೋಟದ ಅದೇ ದಿನದ ಹಣ್ಣನ್ನು ಎರಡು ಪಾಲು ಮಾಡಿದಳು. ಒಂದು ಪಾಲು ತಣ್ಣಗಿನ ಸ್ಟೀಲ್ ಟ್ಯಾಂಕಿಗೆ ಹೋಯಿತು. ಇನ್ನೊಂದು ಮಾಮನ ಮರದ ಪೀಪಾಯಿಗಳಿಗೆ ಹೋಯಿತು. ಹತ್ತು ತಿಂಗಳಾದ ಮೇಲೆ ಒಂದೇ ತಾಯಿಯ ಇಬ್ಬರು ಮಕ್ಕಳು ಬೇರೆ ಬೇರೆ ಮನೆಯಲ್ಲಿ ಬೆಳೆದ ಹಾಗಾಗಿತ್ತು. ಸ್ಟೀಲಿನದ್ದು ಚುರುಕು: ಹಸಿರು ಸೇಬು, ನಿಂಬೆ ಸಿಪ್ಪೆ, ನಾಲಗೆಯ ಮೇಲೆ ಚಾಟಿ. ಮರದ್ದು ನಿಧಾನಸ್ಥ: ಬೆಣ್ಣೆ, ಹುರಿದ ಬಾದಾಮಿ, ಹಿಂದೆಲ್ಲೋ ಒಂದು ಎಳೆ ಹೊಗೆ.

ಈ ಸಲದ ಕೊಯ್ಲಿಗೆ ಮೂರು ವಾರ ಉಳಿದಿತ್ತು. “ಎರಡು ದೋಣಿ ಮೇಲೆ ಕಾಲಿಡೋದು ಬೇಡ” ಅಂದರು ಯಜಮಾನಿ. “ಇನ್ಮೇಲೆ ಆ ತೋಟದ ವೈನ್ ಒಂದೇ ಥರ ಆಗ್ಬೇಕು. ಯಾವ ಥರ ಅಂತ ಗುರುವಾರ ತೀರ್ಮಾನ ಮಾಡೋಣ.”

ಸೊಸೆ ಸ್ಟೀಲಿನ ಪಕ್ಷ. ಊರೂರು ತಿರುಗಿ ವೈನ್ ಮಾರುವ ಸೇಲ್ಸಿನವನು ಮರದ ಪಕ್ಷ. ಅಥವಾ ಹಾಗೆಂದು ಆ ವಾರ ಹೇಳುತ್ತಿದ್ದ; ಅವನ ಅಭಿಪ್ರಾಯ ಯಾವಾಗಲೂ ಎದುರಿಗಿದ್ದವರ ಮುಖ ನೋಡಿ ಹುಟ್ಟುತ್ತಿತ್ತು. ಯಜಮಾನಿ ಎರಡೂ ಕಡೆ ತಲೆಯಾಡಿಸಿ ಕೊನೆಗೆ, “ಮಾಮನ ಮೂಗು ಏನನ್ನುತ್ತೋ ಅದೇ ಆಗ್ಲಿ” ಅಂದುಬಿಟ್ಟರು.

ಮಾಮ ನೇರವಾಗಿ ಮನೆಗೆ ಹೋಗಿ ಹೆಂಡತಿಗೆ ವಿಷಯ ಹೇಳಿದ.

“ರೀ, ಹೆದರ್ಕೋಬೇಡಿ” ಅಂದಳು ಹೆಂಡತಿ ಆ ಸಂಜೆ. “ಇದು ಪೀಪಾಯಿಗಿಂತ ಸುಲಭ. ನಿಮಗೆ ಚುಚ್ಚೋ ವಾಸನೆ ಬರುತ್ತೆ ತಾನೇ? ಚುಚ್ಚಿದ್ದು ಸ್ಟೀಲು. ಏನೂ ಬರದೇ ಇದ್ದದ್ದು ಮರ.”

ಮಾಮ ಯೋಚಿಸಿ ನೋಡಿದ. ಮಾತು ಸರಿಯಾಗಿಯೇ ಇತ್ತು.

“ಆಮೇಲೆ ಯಾವುದಕ್ಕೆ ಮತ ಹಾಕ್ಲಿ?”

“ಮರಕ್ಕೇ ಹಾಕಿ. ಪೀಪಾಯಿಯವನು ಸ್ಟೀಲಿಗೆ ಮತ ಹಾಕಿದ್ರೆ ಕುರಿ ಹೋಗಿ ಕಟುಕನಿಗೆ ಹಾರ ಹಾಕಿದ ಹಾಗೆ. ಅನುಮಾನ ಬರಲ್ವಾ?”

ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ಪರೀಕ್ಷೆ. ಹತ್ತೂ ಮುಕ್ಕಾಲಿಗೆ ಗಂಡ ಹೆಂಡಿರು ಉಗ್ರಾಣದ ಹಿಂದೆ, ಹಬೆಯ ಕೊಳವೆಯ ಪಕ್ಕ ನಿಂತು ಕೊನೆಯ ಪಾಠ ಮಾಡುತ್ತಿದ್ದರು.

“ಏನೂ ಬರದ ಲೋಟ ಸಿಕ್ಕಿದ ತಕ್ಷಣ ಏನನ್ನಬೇಕು?”

“ಬೆಣ್ಣೆ.”

“ಆಮೇಲೆ?”

“ಹುರಿದ... ಹುರಿದ ಕಡಲೆ?”

“ಬಾದಾಮಿ! ಕಡಲೆ ಅಂತೆ. ಆಮೇಲೆ?”

“ಹೊಗೆ.”

“ಗಡಿಬಿಡಿಯಲ್ಲಿ ಹೊಗೆ ಅಂತ ಕೂಗಬೇಡಿ, ಎಲ್ಲರೂ ಎದ್ದು ಹೊರಗೆ ಓಡಿಯಾರು. ‘ಹಿಂದೆ ಸಣ್ಣಗೆ ಹೊಗೆ’ ಅನ್ನಿ. ಕಣ್ಣು ಮುಚ್ಕೊಂಡು ಅನ್ನಿ.”

ಪಾಠ ಮೂರು ಸಲ ಒಪ್ಪಿಸಿ ಮುಗಿಸುವಷ್ಟರಲ್ಲಿ ಹನ್ನೊಂದು ಗಂಟೆ ಐದು ನಿಮಿಷ. ಮಾಮ ಓಡಿದ.

ರುಚಿ ನೋಡುವ ಕೋಣೆ ಚಿಕ್ಕದು. ಸುಣ್ಣದ ಗೋಡೆ, ಉದ್ದ ಮೇಜು, ಒಂದೇ ಕಿಟಕಿ. ಯಜಮಾನಿ, ಸೊಸೆ, ಸೇಲ್ಸಿನವನು ಆಗಲೇ ಕೂತಿದ್ದರು. ಸೊಸೆ ಏನೋ ವಿವರಿಸಿ ಮುಗಿಸಿದ್ದಳು. ಏನೆಂದು ಕೇಳುವ ಧೈರ್ಯ ಮಾಮನಿಗಿರಲಿಲ್ಲ. ತಡವಾಗಿ ಬಂದವನು ಪ್ರಶ್ನೆ ಬೇರೆ ಕೇಳುತ್ತಾನೆಯೇ? ಬಣ್ಣ ನೋಡಿ ಯಾರೂ ಗುರುತು ಹಿಡಿಯಬಾರದೆಂದು ಸೊಸೆ ಕಪ್ಪು ಗಾಜಿನ ಲೋಟಗಳನ್ನು ತರಿಸಿದ್ದಳು. ಒಬ್ಬೊಬ್ಬರ ಮುಂದೂ ಲೋಟಗಳು ಸಾಲಾಗಿ ನಿಂತಿದ್ದವು.

ಎರಡಲ್ಲ. ಮೂರು.

ಎರಡು ವೈನಿಗೆ ಮೂರು ಲೋಟ ಯಾಕೆ? ಓದಿದವಳು, ಏನೋ ಬಲೆ ಹೆಣೆದಿದ್ದಾಳೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ.

“ಮಾಮ ಕುಡಿಯಲ್ಲ, ಮೂಸ್ತಾನೆ ಅಷ್ಟೇ” ಎಂದು ಯಜಮಾನಿ ಹೇಳಿದರು. ಅದು ಉಗ್ರಾಣದ ಹಳೆಯ ನಿಯಮ. ಕೆಲಸದ ಹೊತ್ತಿನಲ್ಲಿ ಗುಟುಕು ಇಳಿಸಿದವನ ಸುತ್ತಿಗೆ ಪಟ್ಟಿಯ ಬದಲು ಹೆಬ್ಬೆರಳಿಗೆ ಬೀಳುತ್ತದೆ. “ಶುರು ಮಾಡು ಮಾಮ.”

ಮಾಮ ಮೊದಲ ಲೋಟ ಎತ್ತಿದ. ನಿಂಬೆ! ಮೂಗಿನೊಳಗೆ ಯಾರೋ ಚಿಟಿಕೆ ಹೊಡೆದ ಹಾಗೆ. ಸ್ಟೀಲು. ಅರ್ಧ ಜೀವ ಬಂತು. ಎರಡನೆಯದನ್ನು ಎತ್ತಿದ. ಅಲ್ಲಿಯೂ ತೆಳ್ಳಗೆ ಏನೋ ಚುಚ್ಚಿತು. ಮೊದಲಿನಷ್ಟಿಲ್ಲ, ಆದರೆ ಇದೆ. ಹಾಗಾದರೆ ಇದೂ ಸ್ಟೀಲೇ, ಬೇರೆ ಟ್ಯಾಂಕಿನದ್ದು. ಇದೇ ಬಲೆ! ಮೂರನೆಯದಕ್ಕೆ ಮೂಗು ಇಟ್ಟ.

ಏನೂ ಇಲ್ಲ. ಚೂರೂ ಇಲ್ಲ. ಅಮಾವಾಸ್ಯೆ.

ಮಾಮನ ಮುಖ ಅರಳಿತು. ಕಣ್ಣು ಮುಚ್ಚಿದ. ಇನ್ನೊಮ್ಮೆ ಎದೆ ತುಂಬ ಉಸಿರೆಳೆದ. “ಬೆಣ್ಣೆ” ಅಂದ ನಿಧಾನವಾಗಿ. “ಹುರಿದ ಬಾದಾಮಿ. ಹಿಂದೆ... ಸಣ್ಣಗೆ... ಹೊಗೆ.” ಪಾಠ ಮುಗಿದಿತ್ತು, ಆದರೆ ಹುರುಪಿನಲ್ಲಿ ಬಾಯಿ ನಿಲ್ಲಲಿಲ್ಲ. “ಅಮ್ಮ, ನನ್ನ ಮತ ಇದಕ್ಕೇ. ಮರದ ಕೆಲಸ ಅಂದ್ರೆ ಇದು. ಇಪ್ಪತ್ತೊಂಬತ್ತು ವರ್ಷದಲ್ಲಿ ಇಂಥ ಪೀಪಾಯಿ ವೈನ್ ನಾನು ಮೂಸಿಲ್ಲ.”

ಅವನು ಹೇಳಿದ್ದರಲ್ಲಿ ಆ ಕೊನೆಯ ವಾಕ್ಯ ಮಾತ್ರ ಅಪ್ಪಟ ಸತ್ಯವಾಗಿತ್ತು.

ಸೊಸೆಯ ಹುಬ್ಬು ಮೇಲೇರಿತ್ತು. ಸೇಲ್ಸಿನವನು ಸರಕ್ಕನೆ ತನ್ನ ಮೂರನೆಯ ಲೋಟ ಎತ್ತಿ, ಮೂಸಿ, ತಲೆಯಾಡಿಸಿದ. “ಹೌದು ಹೌದು. ಬಾದಾಮಿ ಎದ್ದು ಕಾಣ್ತಿದೆ. ಆ ಹೊಗೆಯಂತೂ... ಆಹಾ!”

“ಅದು ನೀರು” ಅಂದಳು ಸೊಸೆ. “ಬಾಯಿ ಮುಕ್ಕಳಿಸೋಕೆ ಇಟ್ಟಿದ್ದು. ಈಗಷ್ಟೇ ಹೇಳಿದ್ನಲ್ಲ.”

ಸೇಲ್ಸಿನವನ ಕೈಯಲ್ಲಿ ಲೋಟ ಹಾಗೇ ನಿಂತಿತು. ಯಜಮಾನಿ ಒಂದು ಕ್ಷಣ ಅವನನ್ನು ನೋಡಿದರು, ಮಾಮನನ್ನು ನೋಡಿದರು, ಆಮೇಲೆ ಮೇಜಿನ ಮೇಲೆ ಅಂಗೈ ಬಡಿದು ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಅಯ್ಯೋ ಮಾಮ! ಎಂಥ ಕಿಲಾಡಿ ನೀನು! ಇವನು ಎಲ್ಲದಕ್ಕೂ ಹೌದು ಹೌದು ಅಂತಾನೆ ಅಂತ ಬೇಕು ಬೇಕು ಅಂತಲೇ ನೀರು ಹೊಗಳಿದೆಯಾ? ಪಾಪ, ಹೊಗೆಯಂತೆ! ಎದ್ದು ಕಾಣ್ತಿದೆಯಂತೆ!”

“ನಾನು ಮಾಮನ ಮೇಲಿನ ಗೌರವಕ್ಕೆ ಅಂದೆ ಅಷ್ಟೇ” ಎಂದು ಸೇಲ್ಸಿನವನು ಗೊಣಗಿದ.

ದೇವರು ಮುಂದಿನ ಬಾಗಿಲು ಮುಚ್ಚಿ ಹಿಂದಿನ ಬಾಗಿಲು ತೆರೆದಿದ್ದ. ‘ಹೂಂ ಅಮ್ಮ, ತಮಾಷೆಗೆ’ ಅಂದರೆ ಸಾಕಿತ್ತು. ಮೂಗು ಉಳಿಯುತ್ತಿತ್ತು, ಹೆಸರು ಇನ್ನಷ್ಟು ಬೆಳೆಯುತ್ತಿತ್ತು, ಈ ಕಥೆಯನ್ನು ಇನ್ನು ಹತ್ತು ವರ್ಷ ಹೇಳಿಕೊಂಡು ಓಡಾಡಬಹುದಿತ್ತು. ಮಾಮ ಹಾಗೆ ಅನ್ನುವುದಕ್ಕೇ ಬಾಯಿ ತೆರೆದ.

ಅಷ್ಟರಲ್ಲಿ ಯಜಮಾನಿ ಕಣ್ಣೊರೆಸಿಕೊಂಡು, “ಸರಿ, ಆಟ ಸಾಕು. ಈಗ ನಿಜ ಹೇಳು. ಮೇಲಿನ ತೋಟದ ಅಷ್ಟೂ ಹಣ್ಣು ನಿನ್ನ ಮಾತಿನ ಮೇಲೆ ನಿಂತಿದೆ” ಅಂದರು.

ಮಾಮ ಸೊಸೆಯ ಕಡೆ ನೋಡಿದ. ಅವಳು ನಗುತ್ತಿರಲಿಲ್ಲ. ಅವಳ ಬೆರಳ ತುದಿಗಳು ದ್ರಾಕ್ಷಿ ಬಳ್ಳಿಯ ಕೆಲಸಕ್ಕೆ ಕಪ್ಪಾಗಿದ್ದವು. ಇಡೀ ವರ್ಷ ಬಿಸಿಲಿನಲ್ಲಿ ನಿಂತು ಬೆಳೆಸಿದ ಹಣ್ಣಿನ ಹಣೆಬರಹವನ್ನು, ನೀರಿನಲ್ಲಿ ಬಾದಾಮಿ ಕಂಡ ಮೂಗು ಬರೆಯಬೇಕೇ?

“ತಮಾಷೆ ಅಲ್ಲ ಅಮ್ಮ” ಅಂದ ಮಾಮ. ಧ್ವನಿ ಅವನದ್ದೇ ಎಂದು ಅವನಿಗೇ ನಂಬಿಕೆ ಬರಲಿಲ್ಲ. “ನನ್ನ ಮೂಗು ಹೋಗಿದೆ. ಎರಡೂವರೆ ವರ್ಷ ಆಯ್ತು.”

ಆಮೇಲೆ ಎಲ್ಲವನ್ನೂ ಹೇಳಿದ. ನೆಗಡಿ, ಊಟದ ಡಬ್ಬಿ, ಹೂಂ, ಥೂ, ಸೀಮೆಸುಣ್ಣ. ಹೇಳುತ್ತ ಹೇಳುತ್ತ ಒಂದು ವಿಚಿತ್ರ ನಡೆಯಿತು. ನಾಚಿಕೆಯಿಂದ ಸಾಯುತ್ತೇನೆ ಅಂದುಕೊಂಡಿದ್ದವನಿಗೆ ಹೆಗಲಿನ ಮೇಲಿಂದ ತುಂಬಿದ ಪೀಪಾಯಿಯೊಂದನ್ನು ಯಾರೋ ಇಳಿಸಿಕೊಂಡ ಹಾಗಾಯಿತು. “ಮೂಗು ಹೋದ ಪೀಪಾಯಿಯವನನ್ನ ಅವತ್ತೇ ಮನೆಗೆ ಕಳಿಸಬೇಕು ಅಂತ ನಮ್ಮ ಮಾವ ಅನ್ನೋರು. ಕಳಿಸೋದಾದ್ರೆ ಕಳಿಸಿ” ಎಂದು ಮುಗಿಸಿ, ಎದುರಿಗಿದ್ದ ನೀರನ್ನು ಗಟಗಟ ಕುಡಿದ.

ಯಜಮಾನಿ ಸೊಸೆಯ ಕಡೆ ತಿರುಗಿ ಕೇಳಿದರು: “ಈ ಎರಡೂವರೆ ವರ್ಷದಲ್ಲಿ ಎಷ್ಟು ಪೀಪಾಯಿ ಕೆಟ್ಟಿವೆ?”

“ಒಂದೂ ಇಲ್ಲ ಅತ್ತೆ.”

“ಅದಕ್ಕೂ ಮುಂಚೆ?”

ಸೊಸೆ ಸ್ವಲ್ಪ ತಡೆದಳು. “ವರ್ಷಕ್ಕೆ ಎರಡೋ ಮೂರೋ.”

ಮಾಮನಿಗೆ ಇದರ ಅರ್ಥ ಇಳಿಯುವುದಕ್ಕೆ ಕೊಂಚ ಸಮಯ ಹಿಡಿಯಿತು. ಅಂದರೆ ಇಪ್ಪತ್ತೇಳು ವರ್ಷ ಊರು ಹೊಗಳಿದ ತನ್ನ ಮೂಗು, ಒಳ್ಳೆಯ ದಿನಗಳಲ್ಲೂ, ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಇನ್ನೊಂದು ಮೂಗಿನ ಮುಂದೆ ಏನೂ ಅಲ್ಲ!

“ಅವಳೆಲ್ಲಿ ಈಗ?” ಅಂದರು ಯಜಮಾನಿ.

ಕಿಟಕಿಯ ಆಚೆ ಏನೋ ಬಿದ್ದ ಸದ್ದು. ಮಗುಚಿದ ಬಕೆಟ್ಟಿನ ಮೇಲೆ ನಿಂತು ಇಣುಕುತ್ತಿದ್ದ ಹೆಂಡತಿ ಸೀರೆ ಕೊಡವಿಕೊಂಡು, ಡಬ್ಬಿ ಸಮೇತ ಬಾಗಿಲಿಗೆ ಬಂದಳು.

“ನಾಟಕ ಮಾಡಿದ್ದು ತಪ್ಪೇ” ಅಂದಳು, ಯಾರೂ ಕೇಳುವ ಮುಂಚೆಯೇ. “ಆದ್ರೆ ನಿಮ್ಮ ವೈನ್ ಕೆಡಿಸಿಲ್ಲ.”

“ಅದನ್ನೇ ಈಗ ಮಾತಾಡ್ತಿದ್ವಿ. ಕೂತ್ಕೋ. ಇವೆರಡನ್ನ ಮೂಸಿ ಹೇಳು.”

ಅವಳು ಕೂರಲಿಲ್ಲ. ಮೊದಲ ಲೋಟ ಮೂಸಿದಳು. “ಇದು ಪಕ್ಕದ ಮನೇಲಿ ಯಾರೋ ನಿಂಬೆಹಣ್ಣು ಕೊಯ್ದ ಹಾಗಿದೆ. ಕಿಟಕಿ ತೆಗೆದಿಟ್ಟಿದ್ದಾರೆ.” ಎರಡನೆಯದು. “ಇದು ಮರ. ಮೂರನೇ ಸಾಲಿನ ಗೋಡೆ ಪಕ್ಕದ ಪೀಪಾಯಿ, ಅಲ್ವಾ? ಬೆಣ್ಣೆ ಕಾಯಿಸಿ ಆರಿಸಿಟ್ಟ ಮನೆ ಥರ. ಬಾಗಿಲು ಹಾಕಿದೆ, ಒಳಗೆ ಬೆಚ್ಚಗಿದೆ.” ಎರಡನ್ನೂ ಕೆಳಗಿಟ್ಟಳು. “ನಂಗೆ ಇದೇ ಇಷ್ಟ. ಮರದ್ದು.”

ಸೊಸೆ ತನ್ನ ಪುಸ್ತಕ ತೆರೆದು ನೋಡಿ, “ಮೂರನೇ ಸಾಲು, ಗೋಡೆ ಪಕ್ಕ” ಎಂದು ಮೆಲ್ಲಗೆ ಹೇಳಿದಳು. ಸೇಲ್ಸಿನವನು ‘ಹೌದು ಹೌದು’ ಅನ್ನಲು ಹೊರಟು, ಬಾಯಿ ಮುಚ್ಚಿಕೊಂಡ.

“ಮತ ಮಾತ್ರ ಮಾಮನದ್ದೇ” ಅಂದರು ಯಜಮಾನಿ. “ಮಾತು ಕೊಟ್ಟಿದ್ದೀನಿ. ಕುಡಿದು ನೋಡು ಮಾಮ. ಇವತ್ತು ಕೈಯಲ್ಲಿ ಸುತ್ತಿಗೆ ಇಲ್ಲ. ಪೀಪಾಯಿಯವನಾಗಿ ಅಲ್ಲ, ಬರೀ ನೀನಾಗಿ ಹೇಳು.”

ಮಾಮ ಕುಡಿದ. ಮರದ್ದು ಮೆತ್ತಗೆ ಬಾಯೊಳಗೆ ಬಂತು, ಮೆತ್ತಗೆ ಹೋಯಿತು. ಬಹಳ ಮರ್ಯಾದಸ್ಥ ನೆಂಟ, ಬಂದು ಕೂತು ಒಂದು ಮಾತೂ ಆಡದೆ ಎದ್ದು ಹೋದ ಹಾಗೆ. ಸ್ಟೀಲಿನದ್ದನ್ನು ಬಾಯಿಗೆ ಹಾಕಿದ. ನಾಲಗೆಯ ಎರಡೂ ಅಂಚು ಎದ್ದು ಕೂತವು. ಮೂಗಿನಲ್ಲಿ ನಿಂಬೆ ಚಿಟಿಕೆ ಹೊಡೆಯಿತು. ಎರಡೂವರೆ ವರ್ಷದಲ್ಲಿ ಅವನಿಗೆ ಇಷ್ಟು ಚೆನ್ನಾಗಿ ಕೇಳಿಸಿದ ರುಚಿ ಬೇರೆ ಇರಲಿಲ್ಲ.

“ಸ್ಟೀಲು” ಅಂದ. ಹೆಂಡತಿಯ ಮುಖ ನೋಡುವ ಧೈರ್ಯವಾಗಲಿಲ್ಲ. “ಇದಾದ್ರೂ ಕರೆದು ಮಾತಾಡಿಸುತ್ತೆ ಅಮ್ಮ. ನನ್ನಂಥ ಮೂಗಿನವರು ಊರಲ್ಲಿ ಎಷ್ಟು ಜನ ಇದ್ದಾರೋ! ಅವರೂ ಕುಡೀಲಿ.”

ಸೊಸೆ ಮೊದಲ ಸಲ ನಕ್ಕಳು. ಬಿಳಿ ವೈನ್ ಸ್ಟೀಲಿಗೆ ಎಂದು ತೀರ್ಮಾನವಾಯಿತು.

ಮಾಮ ಎದ್ದು ನಿಂತ. “ಹಾಗಾದ್ರೆ ನಾನು... ಸುತ್ತಿಗೆ ಯಾರ ಕೈಗೆ ಕೊಡ್ಲಿ?”

“ಪಟ್ಟಿ ಬಡಿಯೋದು ಮೂಗಿಂದಲಾ?” ಯಜಮಾನಿ ಗದರಿದರು. “ಕೆಂಪು ವೈನ್ ಅಷ್ಟೂ ಮರದಲ್ಲೇ ಇದೆ, ಅದಕ್ಕೆ ಬೆಣೆ ನಾನು ಹೊಡೀಲಾ? ನಿಮ್ಮ ಮಾವ ನಂಗೂ ಬುದ್ಧಿ ಹೇಳೋರು. ಅವರು ಹೇಳಿದ್ದೆಲ್ಲ ಕೇಳಿದ್ರೆ ಇಷ್ಟು ಹೊತ್ತಿಗೆ ಕಾರ್ಖಾನೆ ಮುಚ್ಚಿರ್ತಿತ್ತು. ಸುತ್ತಿಗೆ ನಿಂದು. ಮೂಗಿನ ಕೆಲಸ ಇನ್ಮೇಲೆ ಇವಳದ್ದು, ಎಲ್ಲರ ಎದುರಿಗೆ, ಸಂಬಳದ ಮೇಲೆ. ಏನಮ್ಮ, ಆಗುತ್ತಾ?”

ಹೆಂಡತಿ ಕೂಡಲೇ ಒಪ್ಪಲಿಲ್ಲ. ಒಪ್ಪಿದರೆ ಅವಳು ಆ ಮುದುಕನ ಮಗಳೇ ಅಲ್ಲ. “ನಂಗೊಂದು ಗಾಲಿ ಇರೋ ಸ್ಟೂಲು ಬೇಕು” ಅಂದಳು. “ಬಗ್ಗಿ ಬಗ್ಗಿ ಸೊಂಟ ಹೋಗಿದೆ. ಆಮೇಲೆ, ಊಟದ ಡಬ್ಬಿ ಇನ್ಮೇಲೆ ಇವರು ತರ್ತಾರೆ.”

ಅವತ್ತು ಇಬ್ಬರಿಗೂ ಬೇಗ ರಜೆ ಸಿಕ್ಕಿತು. ಮಧ್ಯಾಹ್ನದ ಬಿಸಿಲಿನಲ್ಲಿ ಗುಡ್ಡ ಇಳಿಯುತ್ತ ಅವರು ಜಗಳವಾಡಿದರು. ಎರಡೂವರೆ ವರ್ಷದಲ್ಲಿ ಆಡಿದ ಮೊದಲ ನೆಮ್ಮದಿಯ ಜಗಳ ಅದು.

“ಮರಕ್ಕೆ ಹಾಕಿ ಅಂತ ಎಷ್ಟು ಸಲ ಹೇಳಿದ್ದೆ?”

“ಮರಕ್ಕೇ ಹಾಕಿದ್ನಲ್ಲೇ. ಅದು ನೀರಾಗಿ ಹೋಯ್ತು.”

“ಎರಡನೇ ಸಲ ಹಾಕ್ಲಿಲ್ವಲ್ಲ! ಆ ಬೆಣ್ಣೆಯಂಥ ವೈನ್ ಬಿಟ್ಟು ನಿಂಬೆ ಪಾನಕ ಆರಿಸಿದ್ರಲ್ಲ, ನಿಮ್ಮ ನಾಲಗೆಗೆ ಏನನ್ನಬೇಕು?”

“ನಂಗೆ ಅದೇ ಚೆನ್ನಾಗಿತ್ತು ಕಣೇ. ಸುಳ್ಳು ಹೇಳೋ ಕೋಟಾ ಮುಗೀತು.”

ಅವಳಿಗೆ ನಗು ಬಂತು, ಆದರೆ ಅದನ್ನು ಅವನಿಗೆ ತೋರಿಸಲಿಲ್ಲ.

ಇಳಿಜಾರು ಮುಗಿಯುವಲ್ಲಿ, ಬೀದಿಯ ಮೂಲೆಯಲ್ಲಿ ಒಂದು ಬೇಕರಿ. ಬೇಕರಿಯವನಿಗೆ ಮಾಮನ ಮೇಲೆ ಬಹಳ ಅಭಿಮಾನ. ದಿನಾ ಸಂಜೆ ಬಾಗಿಲಲ್ಲಿ ನಿಂತು, “ಹೇಗಿದೆ ಮಾಮ ಇವತ್ತಿನ ಘಮ?” ಎಂದು ಕೇಳುವನು. ದಿನಾ ಸಂಜೆ ಮಾಮ ಮೂಗೆತ್ತಿ, ಬಾರದ ವಾಸನೆಯನ್ನು ಎಳೆದುಕೊಂಡು, “ಆಹಾ” ಅನ್ನುವನು. ಅವತ್ತು ಹೊತ್ತಲ್ಲದ ಹೊತ್ತಿನಲ್ಲಿ ಕಂಡರೂ ಬೇಕರಿಯವನು ಬಿಡಲಿಲ್ಲ. ಬೀದಿಯ ಆಚೆಯಿಂದಲೇ ಕೂಗಿದ.

“ಹೇಗಿದೆ ಮಾಮ?”

ಮಾಮನ ಮೂಗು ಅಭ್ಯಾಸಬಲದಿಂದ ಮೇಲೇಳುವುದರಲ್ಲಿತ್ತು. ಅಲ್ಲೇ ನಿಂತಿತು.

“ನಂಗೇನು ಗೊತ್ತಪ್ಪ?” ಎಂದು ಅವನು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. “ನನ್ನ ಮೂಗು ಸತ್ತು ಎರಡೂವರೆ ವರ್ಷ ಆಯ್ತು. ಇವಳನ್ನ ಕೇಳು!”

ಬೇಕರಿಯವನು ಬಾಯಿ ತೆರೆದು ಹೆಂಡತಿಯ ಕಡೆ ನೋಡಿದ. ಅವಳು ನಡಿಗೆಯನ್ನೂ ನಿಲ್ಲಿಸದೆ ಹೇಳಿದಳು:

“ಕೆಳಗಿನ ತಟ್ಟೆ ಸೀದು ಹೋಗ್ತಿದೆ. ಒಳಗೆ ಓಡು.”